ಮಗ್ಗದವರ ಭಜನೆ

ಧೊಂಡಿಬಾ ಹಾಡುಗಾರನಾಗಬೇಕಿದ್ದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವನನ್ನು ಇಚಲಕರಂಜಿಯ ಚಹಾದಂಗಡಿಯಲ್ಲಿ ಕಂಡವರು ನಂಬುವುದಿಲ್ಲ. ಅಂಗಿಯ ತುಂಬ ಹತ್ತಿಯ ಜುಂಗು, ಬಾಯಲ್ಲಿ ತಂಬಾಕು, ಎದುರಿಗೆ ಕೂತವನ ಜೊತೆ ಮಾತಾಡಿದರೂ ನಾಲ್ಕು ಮನೆಗೆ ಕೇಳುವ ಗಂಟಲು. ಇವನೇನು ಹಾಡುತ್ತಾನೆ ಅನ್ನುತ್ತಾರೆ. ಅನ್ನಲಿ, ಅವರಪ್ಪನ ಗಂಟೇನು ಹೋಗುತ್ತದೆ! ಗಡಹಿಂಗ್ಲಜದ ಕಡೆ ಅವನು ಹಾಡಿದ್ದನ್ನು ನಾನು ಈ ಎರಡು ಕಿವಿಗಳಿಂದ ಕೇಳಿದ್ದೇನೆ. ಆಗ ಕಿವಿಗಳಿದ್ದವು.

ನನ್ನ ಹೆಸರು ಕೃಷ್ಣಾ. ನಾನೂ ಅವನೂ ಗಡಹಿಂಗ್ಲಜದ ಹತ್ತಿರ ಒಂದೇ ಹಳ್ಳಿಯವರು. ನಾನು ತಬಲಾ ಬಾರಿಸುತ್ತಿದ್ದೆ, ಅವನು ಹಾಡುತ್ತಿದ್ದ. ಅವನಪ್ಪ ಕಟ್ಟಿದ ಒಂದು ಪದವಿತ್ತು. ಹೊತ್ತು ಮುಳುಗಿದ ಮೇಲೆ ಎತ್ತು ಒಂಟಿಯಾಗಿ ಮನೆಗೆ ಬರುತ್ತದೆ, ಹೊಲಕ್ಕೆ ಹೋದ ಗಂಡ ಎಲ್ಲಿ ಎಂದು ಹೆಂಡತಿ ಎತ್ತನ್ನು ಕೇಳುತ್ತಾಳೆ. ಅಷ್ಟೇ ಪದ. ಧೊಂಡಿಬಾ ಅದನ್ನು ಎತ್ತಿಕೊಂಡರೆ ಚಿಲುಮೆ ಸೇದುತ್ತಿದ್ದವರು ಸೇದುವುದನ್ನು ಮರೆಯುತ್ತಿದ್ದರು. ಕೊನೆಯ ನುಡಿಯಲ್ಲಿ ದನಿಯನ್ನು ಮೇಲಕ್ಕೊಯ್ದು, ಅಲ್ಲಿ ತಡೆದು, ಮೆಲ್ಲಗೆ ಇಳಿಸುತ್ತಿದ್ದ. ಆ ಹೊತ್ತಿನಲ್ಲಿ ನಾನು ಬಾರಿಸುತ್ತಿರಲಿಲ್ಲ. ಬಾರಿಸುವುದು ಪಾಪ ಅನ್ನಿಸುತ್ತಿತ್ತು.

ಕೊಲ್ಲಾಪುರದ ಗವಾಯಿಯೊಬ್ಬರು ಒಮ್ಮೆ ಇದನ್ನು ಕೇಳಿದರು. "ಮಾಝ್ಯಾಕಡೆ ಯೇ ರೇ ಪೋರಾ" ಎಂದರು, ನನ್ನ ಹತ್ತಿರ ಬಾರೋ ಹುಡುಗಾ ಎಂದು. ಮುಗಿಯಿತು, ಧೊಂಡಿಬಾನ ತಲೆಯೊಳಗೆ ಸಾಂಗಲಿ ರೇಡಿಯೋ ಹೊಕ್ಕಿತು. ಗವಾಯಿಗಳ ಹತ್ತಿರ ಕಲಿಯಬೇಕು, ಅಪ್ಪನ ಪದ ರೇಡಿಯೋದಲ್ಲಿ ಹಾಡಬೇಕು, ಅದು ಚಂದಗಡದ ಗುಡ್ಡದವರೆಗೆ ಕೇಳಬೇಕು. ಹೆಣ್ಣಿನ ಆಸೆ, ಹೊಲದ ಆಸೆ ಯಾವುದೂ ಅವನಿಗೆ ಅಷ್ಟು ಇರಲಿಲ್ಲ. ಇದೊಂದೇ.

ಆದರೆ ಕೊಲ್ಲಾಪುರದಲ್ಲಿ ಉಳಿಯಬೇಕಾದರೆ ಹೊಟ್ಟೆಗೆ ಬೇಕಲ್ಲ. "ಎರಡ ವರ್ಷ ಇಚಲಕರಂಜ್ಯಾಗ ಮಗ್ಗಾ ನಡಸೂಣು ಕೃಷ್ಣಾ. ಆಮ್ಯಾಲೆ ನಾ ಗವಾಯಿಗೋಳ ಕಡೆ ಹೋಗತೇನಿ, ನೀನೂ ಬಾ" ಎಂದು ನನ್ನನ್ನೂ ಎಳೆದುಕೊಂಡು ಬಂದ. ಎಪ್ಪತ್ತರ ಸುಮಾರಿನ ಮಾತು. ಎರಡು ವರ್ಷ! ಅವನ ಲಗ್ನವಾಯಿತು, ಬಯಾಬಾಯಿ ಬಂದಳು, ಮಗಳು ಹುಟ್ಟಿದಳು, ತಾಯಿ ಹಾಸಿಗೆ ಹಿಡಿದಳು, ಅತ್ತ ಗವಾಯಿಗಳು ತೀರಿಕೊಂಡರು. ಪ್ರತಿ ದೀಪಾವಳಿಗೂ "ಬರೂ ವರ್ಷ ನೋಡ" ಅನ್ನುತ್ತಿದ್ದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಾನು ಬೈಯುತ್ತಿದ್ದೆ, ಅವನು ನಗುತ್ತಿದ್ದ. ನಗುವಷ್ಟು ವರ್ಷಗಳು ಮುಂದೆ ಇವೆ ಅಂತ ಇಬ್ಬರೂ ತಿಳಿದಿದ್ದೆವು.

ನಮ್ಮ ಶೆಡ್ಡು ಕೊರೋಚಿ ರಸ್ತೆಯಲ್ಲಿತ್ತು. ತಗಡಿನ ಮಾಡು, ಕೆಳಗೆ ಸಾಲಾಗಿ ವಿದ್ಯುತ್ ಮಗ್ಗಗಳು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಎಂಥದೆಂದು ಹೇಳಿದರೆ ತಿಳಿಯುವಂಥದಲ್ಲ. ಹೊಸಬರು ಮೊದಲ ವಾರ ತಲೆ ಹಿಡಿದುಕೊಂಡು ವಾಂತಿ ಮಾಡಿಕೊಳ್ಳುತ್ತಾರೆ. ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸ ಅಂದರೇನು ಅಂತ ಆಗ ನಮಗೆ ಗೊತ್ತಿರಲಿಲ್ಲ.

ಆ ಸದ್ದಿನಲ್ಲಿ ಬಾಯಿಂದ ಮಾತು ನಡೆಯುವುದಿಲ್ಲ, ಕಣ್ಣಿಂದ ನಡೆಯುತ್ತದೆ. ತುಟಿ ನೋಡಿ ಮಾತು ತಿಳಿಯುವುದನ್ನು ಮಗ್ಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ಕನ್ನಡವೋ ಮರಾಠಿಯೋ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಾವು ಹರಟೆ ಹೊಡೆಯುತ್ತಿದ್ದೆವು, ಚೇಷ್ಟೆ ಮಾಡುತ್ತಿದ್ದೆವು, ಬೈದಾಡುತ್ತಿದ್ದೆವು. ಮಾಲೀಕರು ಬಾಗಿಲಲ್ಲಿ ನಿಂತು ಲೆಕ್ಕ ಬರೆಯುವ ದಿವಾಣಜಿಯ ಕಿವಿಯಲ್ಲಿ ನಮ್ಮನ್ನು ಕತ್ತೆಗಳು ಅಂದರೆ ಒಳಗಿದ್ದವರಿಗೆಲ್ಲ ಅದು ಕಾಣುತ್ತಿತ್ತು. ಕಂಡರೂ ತಲೆ ತಗ್ಗಿಸಿ ಎಳೆ ಕಟ್ಟುತ್ತ ನಿಲ್ಲುತ್ತಿದ್ದೆವು. ಅದು ನಮ್ಮವರ ರಿವಾಜು. ನಿನಗೆ ಅಂತ ಆಡದ ಮಾತು ಕಣ್ಣಿಗೆ ಬಿದ್ದರೆ, ಬಿದ್ದಿಲ್ಲ ಅಂತಲೇ ಇರಬೇಕು. ಇಲ್ಲದಿದ್ದರೆ ಆ ಶೆಡ್ಡಿನಲ್ಲಿ ದಿನಕ್ಕೊಂದು ತಲೆ ಒಡೆಯುತ್ತಿತ್ತು.

ವಾರಕ್ಕೊಮ್ಮೆ ಕರೆಂಟು ತೆಗೆಯುವ ದಿನ ರಜೆ. ಆ ಸಂಜೆ ನಮ್ಮ ಓಣಿಯ ಮಾರುತಿ ಗುಡಿಯಲ್ಲಿ ಭಜನೆ. ಧೊಂಡಿಬಾ ಹಾಡುವುದು, ನನ್ನದು ತಬಲಾ, ಹಾರ್ಮೋನಿಯಂ ಪೇಟಿಯ ಮೇಲೆ ಸಖಾರಾಮಣ್ಣ, ತಾಳ ಜಿನಗೊಂಡನದು. ನಾಲ್ವರೂ ಒಂದೇ ಶೆಡ್ಡಿನವರು. ಕೇಳಲು ಕೂಡುತ್ತಿದ್ದವರೂ ಅಕ್ಕಪಕ್ಕದ ಶೆಡ್ಡಿನವರೇ. ಧೊಂಡಿಬಾ ಅಪ್ಪನ ಪದ ಮುಗಿಸಿದರೆ ಎಲ್ಲರೂ ತಲೆದೂಗಿ "ಭಲೇ ಧೊಂಡಿಬಾ" ಅನ್ನುತ್ತಿದ್ದರು. ಗವಾಯಿಗಳು ಹೋದರೂ ಆಸೆ ಹೋಗಿರಲಿಲ್ಲ. ಈ ಗುಡಿಯೇ ತನ್ನ ಶಾಲೆ, ಇಲ್ಲೇ ದನಿ ಕಾಯ್ದುಕೊಂಡು ಒಂದು ದಿನ ರೇಡಿಯೋಕ್ಕೆ ಹೋಗುತ್ತೇನೆ ಅನ್ನುತ್ತಿದ್ದ. ನಾವೂ ನಂಬಿದ್ದೆವು, ಸುಳ್ಳು ಯಾಕೆ ಹೇಳಲಿ.

ಮೊದಲು ಕೆಟ್ಟದ್ದು ಜಿನಗೊಂಡನ ತಾಳ. "ಝಣಾ ಅನ್ನೂದs ಇಲ್ಲ ನೋಡ್ರಿ. ಈಗಿನ ಕಂಚಿನಾಗ ಸತ್ವಾ ಉಳದಿಲ್ಲ, ಎಲ್ಲಾ ಭೇಸಳ, ಕಲಬೆರಕಿ" ಎಂದು ಗೊಣಗಿ ಜಯಸಿಂಗಪುರದ ಪೇಟೆಯಿಂದ ದೊಡ್ಡ ಜೋಡಿ ತಂದ. ಸ್ವಲ್ಪ ದಿನಕ್ಕೆ ಅದರಲ್ಲೂ ಝಣಕು ಇಲ್ಲವಾಯಿತು. ಇನ್ನೂ ದೊಡ್ಡದು ತಂದ. ನಾವೆಲ್ಲ ಕಂಚಿನ ವ್ಯಾಪಾರಿಗಳನ್ನು ಬೈದೆವು. ಆಮೇಲೆ ಧೊಂಡಿಬಾನ ಮನೆಯ ರೇಡಿಯೋ ಕುಗ್ಗಿತು. ಸಾಂಗಲಿ ಸ್ಟೇಷನ್ನಿನ ಗಾಯನ ಬರುವ ಹೊತ್ತಿಗೆ ಅವನು ಗುಂಡಿಯನ್ನು ಪೂರ್ತಿ ತಿರುಗಿಸಿ, ಕಿವಿಯನ್ನು ಅದರ ಎದೆಗೆ ಒತ್ತಿ ಕೂಡುತ್ತಿದ್ದ. ನೆರೆಮನೆಯವಳು ಗೋಡೆ ಬಡಿದು ಕೂಗಾಡುತ್ತಿದ್ದಳು. ರಿಪೇರಿಗೆ ಒಯ್ದರೆ ರಿಪೇರಿಯವನೂ ಮೊದಲು ಮಗ್ಗ ನಡೆಸಿದವನೇ. ಹಚ್ಚಿ ನೋಡಿ, "ಹೌದ, ಭಾಳ ಬಾರೀಕ ಬರತೈತಿ" ಎಂದು ಸ್ಪೀಕರು ಬದಲಿಸಿದ.

ಈಗ ನೆನೆದರೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಒಬ್ಬನ ಕಿವಿ ಹೋಗಿದ್ದರೆ ಉಳಿದವರು ಹೇಳುತ್ತಿದ್ದರು. ನಮ್ಮ ಓಣಿಯಲ್ಲಿ ಮಗ್ಗ ನಡೆಸುವವರೆಲ್ಲರ ಕಿವಿಯೂ ಕೂಡಿಯೇ ಹೋಗುತ್ತಿತ್ತು. ಎಲ್ಲರ ಮನೆಯ ಗೋಡೆಯೂ ಒಟ್ಟಿಗೆ ವಾಲಿದರೆ ವಾಲಿದ್ದು ಯಾರಿಗೆ ತಿಳಿಯುತ್ತದೆ ಹೇಳಿ.

ತಿಳಿದದ್ದು ಬಯಾಬಾಯಿಗೆ. ಅವಳು ಶೆಡ್ಡಿಗೆ ಬರುವವಳಲ್ಲ, ಲಾಳಿಯೊಳಗೆ ಕೂರಿಸುವ ನೂಲಿನ ಕಾಂಡಿಗಳನ್ನು ಮನೆಯಲ್ಲೇ ಕೈರಾಟೆಯಲ್ಲಿ ಸುತ್ತುತ್ತಿದ್ದಳು. ಅವಳ ಕಿವಿ ನೆಟ್ಟಗಿತ್ತು. ಒಂದು ಸಂಜೆ ಭಜನೆಯ ಮುಂಚೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಸುತ್ತುವುದನ್ನು ನಿಲ್ಲಿಸಿ, ಗಂಡನ ಮುಖಕ್ಕೆ ಎದುರಾಗಿ ಕೂತು ಹೇಳಿದಳು:

"ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸುರಾ ಮೊದಲಿನಂಗ ಹತ್ತವಲ್ದು. ಪೇಟಿ ಒಂದ ಕಡೆ ಹೋಗತೈತಿ, ನೀವ ಒಂದ ಕಡೆ ಹೋಗತೀರಿ."

ಧೊಂಡಿಬಾ ಗಂಟಲು ಮುಟ್ಟಿಕೊಂಡ. "ಥಂಡಿ ಆಗಿರಬೇಕ. ಜ್ಯೇಷ್ಠಮಧಾ ಹಾಕೊಂಡರ ಸಾಫ್ ಆಗತೈತಿ."

"ಗಂಟಲಾ ಅಲ್ರಿ, ಕಿವಿ."

ಅವನು ನನ್ನ ಕಡೆ ನೋಡಿ ಹೋ ಎಂದು ನಕ್ಕ. "ಕೇಳಿದೇನೋ ಕೃಷ್ಣಾ? ಕಿವಿಲೆ ಹಾಡತಾರಂತ! ಎಂಥಾ ಹುಚ್ಚಿ ಇದ್ದೀ, ಮಾರಾಯ್ತಿ!"

ನಾನೂ ನಕ್ಕೆ. ಬಯಾಬಾಯಿ ನಗಲಿಲ್ಲ. ಮರುದಿನದಿಂದ ಜ್ಯೇಷ್ಠಮಧು, ಶುಂಠಿ, ಕಲ್ಲುಸಕ್ಕರೆ, ಉಪ್ಪು ಹಾಕಿದ ಬಿಸಿನೀರು ಎಲ್ಲ ಶುರುವಾಯಿತು. ಗಂಟಲಿಗೆ ಏನೇನು ಸೇವೆ! ಗಂಟಲು ಬಾಡಿಗೆಯ ಕುದುರೆಯ ಹಾಗೆ ಹೊಡೆದಷ್ಟೂ ಓಡುತ್ತಿತ್ತು. ಅವನು ಇನ್ನೂ ಜೋರಾಗಿ ಹಾಡತೊಡಗಿದ.

ಎಂಬತ್ತಾರನೆಯ ಇಸವಿಯಲ್ಲಿ ಕೊಲ್ಲಾಪುರದಲ್ಲಿ ಒಂದು ಭಜನಾ ಸ್ಪರ್ಧೆ ಇದೆ ಎಂದು ಸಖಾರಾಮಣ್ಣ ಸುದ್ದಿ ತಂದ. ಭಾಷೆ ಯಾವುದಾದರೂ ನಡೆಯುತ್ತದೆ, ಮೊದಲು ಬಂದ ಮಂಡಳಿಯನ್ನು ರೇಡಿಯೋಕ್ಕೆ ಕಳಿಸುತ್ತಾರೆ. ಧೊಂಡಿಬಾ ಆ ಮಾತನ್ನು ಅವನ ತುಟಿಯ ಮೇಲೆ ನೋಡಿ ತಿಳಿದವನು, ಮತ್ತೊಮ್ಮೆ ಹೇಳು ಅಂದ, ಮತ್ತೊಮ್ಮೆ ಅಂದ. ಆಗ ಅವನ ತಲೆಯಲ್ಲಿ ಬಿಳಿ ಕೂದಲು ಎಣಿಸಲಾಗದಷ್ಟಾಗಿದ್ದವು.

"ಈ ಸಲಾ ಇಲ್ಲಂದ್ರ ಇನ್ ಇಲ್ಲ ಕೃಷ್ಣಾ. ವಯಸ್ಸು ಕಾಯಾಂಗಿಲ್ಲ" ಎಂದ. ಮೊದಲ ಸಲ ಅವನ ಬಾಯಿಂದ "ಬರೂ ವರ್ಷ" ಎಂಬುದು ಬರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬಯಾಬಾಯಿ ನನ್ನನ್ನು ನಳದ ಹತ್ತಿರ ಹಿಡಿದಳು. "ಅಣ್ಣಾ, ಇಲ್ಲೇ ಗುಡ್ಯಾಗ ಹಾಡ್ಲಿ, ಸಾಯೂತನಕಾ ಹಾಡ್ಲಿ. ಕೊಲ್ಲಾಪುರಕ್ಕ ಮಾತ್ರ ಕರಕೊಂಡ ಹೋಗಬ್ಯಾಡ್ರಿ. ಅಲ್ಲೆ ಕೇಳಾವ್ರ ಇರತಾರ."

"ವೈನಿ, ಕೇಳಾವ್ರ ಇರಬೇಕಂತನ ಹೋಗೂದು" ಅಂದೆ.

ಅವಳು ಕೊಡ ಎತ್ತಿಕೊಂಡು ಹೋದಳು. ಆದರೂ ಹೋಗುವ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ತಾನೂ ಬಸ್ಸು ಹತ್ತಿದಳು. ಗಂಡನ ಅಂಗಿಯ ಜುಂಗನ್ನು ದಾರಿಯುದ್ದಕ್ಕೂ ಒಂದೊಂದಾಗಿ ಕಿತ್ತು ಕಿಟಕಿಯ ಹೊರಗೆ ಬಿಡುತ್ತಿದ್ದಳು.

ಕೊಲ್ಲಾಪುರದ ಆ ಸಭಾಗೃಹ ತುಂಬಿತ್ತು. ನಮ್ಮ ಸರದಿ ಬಂದಾಗ ಮಧ್ಯಾಹ್ನ ಇಳಿದಿತ್ತು. ವೇದಿಕೆಯ ಮೇಲೆ ಕೂತೆವು, ಸಖಾರಾಮಣ್ಣ ಪೇಟಿಯ ತಿದಿ ಒತ್ತಿದ, ಧೊಂಡಿಬಾ ಕಣ್ಣು ಮುಚ್ಚಿ ಅಪ್ಪನ ಪದ ಎತ್ತಿಕೊಂಡ. ಸ್ವಲ್ಪ ಹೊತ್ತಿಗೆ ನಾನು ಜನರ ಕಡೆ ನೋಡಿದೆ. ಮುಖಗಳೆಲ್ಲ ಅರಳಿದ್ದವು. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಹಿಂದಿನವರು ಎದ್ದು ನಿಂತು ನೋಡುತ್ತಿದ್ದರು. ಗೆದ್ದೆವು ಅನ್ನಿಸಿತು ನನಗೆ. ಕೈಗೆ ಹುರುಪು ಬಂದು ತಬಲಾ ಇನ್ನೂ ಜೋರಾಗಿ ಬಾರಿಸಿದೆ, ಜಿನಗೊಂಡ ಆ ದೊಡ್ಡ ತಾಳಗಳನ್ನು ಎದೆಯ ಮಟ್ಟಕ್ಕೆ ಎತ್ತಿದ. ಎರಡನೆಯ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ಎರಡೂ ಕಿವಿಗೆ ಬೆರಳಿಟ್ಟುಕೊಂಡಿತ್ತು. ಅದರ ತಾಯಿ ನಗುತ್ತ ಆ ಕೈ ಇಳಿಸುತ್ತಿದ್ದಳು, ಅದು ಮತ್ತೆ ಏರಿಸುತ್ತಿತ್ತು. ಅಷ್ಟಾದರೂ ನನಗೆ ತಿಳಿಯಲಿಲ್ಲ. ಕತ್ತೆ ಅಂದಿದ್ದ ಮಾಲೀಕರ ಮಾತು ಸುಳ್ಳಲ್ಲ.

ಕೊನೆಯ ನುಡಿಗೆ ಧೊಂಡಿಬಾ ಕಣ್ಣು ತೆರೆದ. ಎದುರಿಗೇ ಪರೀಕ್ಷಕರು ಕೂತಿದ್ದರು. ಕರಿ ಟೊಪ್ಪಿಗೆಯ ಹಿರಿಯರೊಬ್ಬರು ಪಕ್ಕದವರ ಕಡೆ ಬಾಗಿದರು. ನಮಗೆ ಕೇಳಬಾರದೆಂದು ಮೆಲ್ಲಗೇ ಆಡಿರಬೇಕು, ಒಳ್ಳೆಯ ಮನುಷ್ಯರು. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಲು ಅವರಿಗೆ ಹೊಳೆಯಲಿಲ್ಲ. ಹೇಗೆ ಹೊಳೆದೀತು? ಅವರೇನು ಮಗ್ಗದವರೇ?

"ಬಹಿರೇ ಆಹೇತ ಕಾ ಹೇ ಸಗಳೇ?" ಎಂದವು ಆ ತುಟಿಗಳು. ಇವರೆಲ್ಲ ಕಿವುಡರೇನು?

ಪಕ್ಕದವರು ನಮ್ಮ ಕಡೆ ನೋಡಿ ತಲೆಯಾಡಿಸಿದರು. "ಬಿಚಾರೇ. ಮ್ಹಣೂ ದ್ಯಾ, ಸಂಪೇಲ ಆತಾ." ಪಾಪ. ಹಾಡಲಿ ಬಿಡಿ, ಇನ್ನೇನು ಮುಗಿಯುತ್ತದೆ.

ನಾನು ಧೊಂಡಿಬಾನ ಕಡೆ ನೋಡಿದೆ. ಅವನ ದೃಷ್ಟಿ ಆ ತುಟಿಗಳ ಮೇಲೆಯೇ ಇತ್ತು. ಜನ ನಗುತ್ತಿದ್ದದ್ದು ಯಾಕೆ, ಆ ಹುಡುಗಿ ಕಿವಿ ಮುಚ್ಚಿದ್ದು ಯಾಕೆ, ತಾಳ ಸತ್ತದ್ದು, ರೇಡಿಯೋ ಕುಗ್ಗಿದ್ದು, ಹೆಂಡತಿ ನಗದೆ ಕೂತದ್ದು, ಎಲ್ಲವೂ ಅವನ ಮುಖದ ಮೇಲೆ ಒಂದಾದ ಮೇಲೊಂದು ಬಂದು ಹೋದವು. ಆದರೆ ಅವನು ನಿಲ್ಲಿಸಲಿಲ್ಲ. ಕೊರಳಿನ ನರ ಉಬ್ಬಿಸಿ ದನಿಯನ್ನು ಮೇಲಕ್ಕೊಯ್ದ, ತಡೆದ, ಇಳಿಸಿದ. ಅದು ಎಲ್ಲಿಂದ ಎಲ್ಲಿಗೆ ಇಳಿಯಿತೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಜನರ ನಡುವೆ ಸೆರಗು ಮುಖಕ್ಕೆ ಹಾಕಿಕೊಂಡು ಬಾಗಿ ಕೂತಿದ್ದಳು. ಹಾಡು ಮುಗಿಸಿ, ಎರಡೂ ಕೈ ಜೋಡಿಸಿ, ಧೊಂಡಿಬಾ ವೇದಿಕೆ ಇಳಿದ.

ತಿರುಗಿ ಬರುವ ಬಸ್ಸಿನಲ್ಲಿ ಸಖಾರಾಮಣ್ಣ ನಮ್ಮ ಕಡೆ ತಿರುಗಿ, "ಮೈಕ ಬರೋಬರ ಇರಲಿಲ್ಲ" ಅಂದ.

"ಹೌದ್ರಿ, ಮೈಕs ಕೆಟ್ಟಿತ್ತ" ಅಂದ ಜಿನಗೊಂಡ.

ನಾನೂ ಮೈಕಿಗೆ ಬೈದೆ. ಇಬ್ಬರೂ ಆ ತುಟಿಗಳನ್ನು ನೋಡಿದ್ದರು, ಅವರ ಮುಖದಲ್ಲೇ ಅದು ಕಾಣುತ್ತಿತ್ತು. ಆದರೆ ರಿವಾಜು ರಿವಾಜೇ. ಬಯಾಬಾಯಿ ಗಂಟು ಬಿಚ್ಚಿದಳು. ಧೊಂಡಿಬಾ ಮಾತ್ರ ತಿಂದ. ಒಂದು ರೊಟ್ಟಿ ಪೂರ್ತಿ ತಿಂದು, ಕೈ ಒರೆಸಿಕೊಂಡು, "ಚಟ್ನಿ ಚಲೋ ಆಗೈತಿ" ಎಂದು ಕಿಟಕಿಯ ಕಡೆ ತಿರುಗಿದ.

ಮುಂದಿನ ರಜೆಯ ಸಂಜೆ ಅವನು ಬರಲಿಕ್ಕಿಲ್ಲ ಅಂತ ನಾವು ತಿಳಿದಿದ್ದೆವು. ಬಂದ. ಎಂದಿನ ಜಾಗದಲ್ಲಿ ಕೂತ, ಎಂದಿನಂತೆ ಕಣ್ಣು ಮುಚ್ಚಿ ಹಾಡಿದ. ನಾವು "ಭಲೇ" ಅಂದೆವು. ಅದರ ಮುಂದಿನ ವಾರವೂ ಬಂದ, ಮಳೆಗಾಲವಿಡೀ ಬಂದ. ಗಂಡಸೆಂದರೆ ಇವನು, ನುಂಗಿಕೊಂಡ ಅಂತ ನನಗೆ ಹೆಮ್ಮೆಯೂ ಆಯಿತು. ಬದುಕು ಅಂದರೆ ಇಷ್ಟೇ ಇರಬೇಕು, ಆಸೆ ಹೋದರೂ ಅಭ್ಯಾಸ ಉಳಿಯುತ್ತದೆ, ಅದರ ಮೇಲೆ ಮನುಷ್ಯ ದಿನ ತೆಗೆಯುತ್ತಾನೆ ಅಂದುಕೊಂಡೆ. ದೊಡ್ಡ ಜ್ಞಾನಿಯಾಗಿದ್ದೆ ನಾನು.

ದಸರೆಯ ಹತ್ತಿರ ಒಂದು ಸಂಜೆ ತಬಲಾ ಹೊತ್ತು ಗುಡಿಗೆ ಹೋಗುವಾಗ ಬಯಾಬಾಯಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಕೈಮಾಡಿ ಕರೆದಳು. ಅವಳು ನಮ್ಮ ಜೊತೆ ಕೂಗಿ ಮಾತಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ತುಟಿಗಳನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದಳು, ಮಗ್ಗದವರ ಹೆಂಡಂದಿರೆಲ್ಲ ಹಾಗೆಯೇ.

"ಅಣ್ಣಾ, ಇವರಿಗೆ ಹಾಡಂತ ಹೇಳ್ರಿ."

"ಹಾಡಾಕತ್ತಾನಲ್ಲ ವೈನಿ. ವಾರಾ ವಾರಾ ಹಾಡತಾನ."

ಅವಳು ತಲೆ ಅಲ್ಲಾಡಿಸಿದಳು. "ನಾ ಪ್ರತೀ ಸಲಾ ಇಲ್ಲೇ ಕುಂತ ಕೇಳತೇನಿ. ಪೇಟಿ ಕೇಳಸತೈತಿ, ನಿಮ್ಮ ತಬಲಾ ಕೇಳಸತೈತಿ, ತಾಳಾ ಕೇಳಸತೈತಿ, ನೀವೆಲ್ಲಾರೂ ಭಲೇ ಭಲೇ ಅನ್ನೂದ ಕೇಳಸತೈತಿ. ಇವರ ದನೀನ ಇಲ್ಲ. ಕೊಲ್ಲಾಪುರದಿಂದ ಬಂದಾಗಿಂದ ಬರೇ ಬಾಯಿ ಆಡಸಾಕತ್ತಾರ. ಮನ್ಯಾಗೂ ಹಾಡಂಗಿಲ್ಲ. ಸುರಾ ತಪ್ಪಿದ್ರ ತಪ್ಪಲಿ ಅಣ್ಣಾ, ನನಗ ಇವರ ದನಿ ಬೇಕು."

ಅವಳು ಅಳುತ್ತಿದ್ದಳು. ನಾನು ತಬಲಾ ಹೊತ್ತುಕೊಂಡು ಒಳಗೆ ಹೋದೆ.

ಧೊಂಡಿಬಾ ಕಣ್ಣು ಮುಚ್ಚಿ ಅಪ್ಪನ ಪದ ಎತ್ತಿಕೊಂಡ. ಆ ಸಂಜೆ ನಾನು ಅವನ ಬಾಯಿಯನ್ನೇ ನೋಡುತ್ತ ಬಾರಿಸಿದೆ. ಎತ್ತು ಬಂತು, ಹೆಂಡತಿ ಕೇಳಿದಳು, ಒಂದೊಂದು ಅಕ್ಷರವೂ ತುಟಿಯ ಮೇಲೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಕೊರಳನ್ನು ನೋಡಿದೆ. ಕೊರಳಿನ ನರ ಉಬ್ಬಿರಲಿಲ್ಲ. ಕೊನೆಯ ನುಡಿಗೆ ಅವನು ತಲೆಯನ್ನು ಮೇಲೆತ್ತಿ ತಡೆದಾಗ ನನ್ನ ಕೈ ತಾನಾಗಿ ನಿಂತಿತು, ಹಿಂದೆ ನಮ್ಮೂರಿನಲ್ಲಿ ನಿಲ್ಲುತ್ತಿದ್ದ ಹಾಗೆ. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ನನಗೆ ತಿಳಿದದ್ದು ಅವನಿಗೆ ತಿಳಿಯಿತು.

ಆ ತುಟಿಗಳು ಪದವನ್ನು ಬಿಟ್ಟು ನನಗೆ ಮಾತಾಡಿದವು. "ಹಿಂಗ ಹಾಡಿದ್ರ ಸುರಾ ತಪ್ಪಂಗಿಲ್ಲ ಕೃಷ್ಣಾ. ಒಳಗ ಮೊದಲಿನಂಗs ಕೇಳಸತೈತಿ."

ಆ ಮಾತು ಸಖಾರಾಮಣ್ಣನ ಕಣ್ಣಿಗೂ ಬಿತ್ತು, ಜಿನಗೊಂಡನ ಕಣ್ಣಿಗೂ ಬಿತ್ತು. ಒಬ್ಬ ಪೇಟಿಯ ಮೇಲೆ ತಲೆ ತಗ್ಗಿಸಿದ, ಇನ್ನೊಬ್ಬ ತಾಳದ ದಾರ ಬಿಗಿ ಮಾಡತೊಡಗಿದ. ಹೊರಗೆ ಕಟ್ಟೆಯ ಮೇಲೆ ಬಯಾಬಾಯಿ ಕೂತಿದ್ದಾಳೆ ಅಂತ ಗೊತ್ತಿದ್ದೂ ನಾನು ಬಾಗಿಲ ಕಡೆ ನೋಡಲಿಲ್ಲ. ಧೊಂಡಿಬಾ ತಲೆಯನ್ನು ಮೆಲ್ಲಗೆ ಇಳಿಸಿ ಪದ ಮುಗಿಸಿದ.

"ಭಲೇ ಧೊಂಡಿಬಾ" ಅಂದರು ಕೂತವರೆಲ್ಲ. ನಾನೂ ಅಂದೆ.